ಒಂದು ಸಲಕ್ಕೆ ಒಂದೇ ತಟ್ಟೆ

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋ ನೋಡಿದೆ ಪುಟ್ಟಿ. ದೊಡ್ಡ ನಾನ್‌ಸ್ಟಿಕ್ ಬಾಣಲೆ, ಅದರ ಅಂಚಿನವರೆಗೂ ಅನ್ನ, ಅನ್ನದ ನಡುವೆ ಕ್ಯಾರೆಟ್ಟು, ಬೀನ್ಸು, ದಪ್ಪ ಮೆಣಸಿನಕಾಯಿ, ಬೇಬಿ ಕಾರ್ನು, ಅಣಬೆ. ಕೆಳಗೆ ನೀನು ಬರೆದಿದ್ದೆ: "ದೊಡ್ಡಮ್ಮ, ಎಲ್ಲಾ ಹಾಕಿದೆ. ಆದರೂ ಮುದ್ದೆಯಾಯ್ತು. ಥಾಯ್ ರುಚಿ ಬರಲೇ ಇಲ್ಲ." ಸ್ನೇಹಿತರನ್ನು ಊಟಕ್ಕೆ ಕರೆದು, ಅವರೆದುರು ಆ ಬಾಣಲೆ ತಂದಿಡುವಾಗ ನಿನ್ನ ಮುಖ ಎಷ್ಟು ಸಪ್ಪಗಾಗಿತ್ತೋ ಏನೋ. ಮುಂದಿನ ತಿಂಗಳು ಅವರನ್ನೇ ಮತ್ತೆ ಕರೆಯುತ್ತೇನೆ ಅಂದೆಯಲ್ಲ, ಅದು ಕೇಳಿ ನನಗೆ ಸಂತೋಷವಾಯಿತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದರೆ ಪ್ರಯೋಜನವಿಲ್ಲ, ಅದಕ್ಕೇ ಬಿಡುವು ಮಾಡಿಕೊಂಡು ಬರೆಯಲು ಕೂತಿದ್ದೇನೆ.

ನಿನ್ನ ದೊಡ್ಡಪ್ಪನ ಕೆಲಸದ ಕಾರಣಕ್ಕೆ ನಾವು ಆರು ವರ್ಷ ಬ್ಯಾಂಕಾಕಿನಲ್ಲಿದ್ದದ್ದು ನಿನಗೆ ಗೊತ್ತು. ಅಲ್ಲಿ ಗಲ್ಲಿಗೆ ಸೋಯ್ ಅನ್ನುತ್ತಾರೆ. ನಮ್ಮ ಸೋಯ್ ತುದಿಯಲ್ಲಿ ಒಬ್ಬ ಹೆಂಗಸಿನ ಪುಟ್ಟ ಊಟದಂಗಡಿ ಇತ್ತು. ಅಂಥ ಅಂಗಡಿಗೆ 'ಆಹಾನ್ ತಾಮ್ ಸಾಂಗ್' ಅಂತ ಹೆಸರು. ಆಹಾನ್ ಅಂದರೆ ನಮ್ಮ ಆಹಾರವೇ. ಥಾಯ್ ಬರಹದಲ್ಲಿ ಕೊನೆಗೆ 'ರ' ಇದೆ, ಬಾಯಲ್ಲಿ ಹೇಳುವಾಗ ಅದು 'ನ್' ಆಗುತ್ತದೆ. ಗಿರಾಕಿ ಹೇಳಿದ್ದನ್ನು ಅಲ್ಲೇ ಮಾಡಿಕೊಡುವ ಊಟ ಅಂತ ಅರ್ಥ. ಒಂದು ಒಲೆ, ಒಂದು ಬಾಣಲೆ, ಒಂದು ಸೌಟು. ಮಧ್ಯಾಹ್ನ ಹತ್ತು ಜನ ಕಾಯುತ್ತಾ ನಿಂತಿದ್ದರೂ ಆಕೆ ಮಾಡುತ್ತಿದ್ದದ್ದು ಒಂದು ಸಲಕ್ಕೆ ಒಂದು ತಟ್ಟೆ. ತೀರಾ ನೂಕುನುಗ್ಗಲಾದರೆ ಎರಡು. ಬಡಿಸಿದ ಕೂಡಲೇ ಬಾಣಲೆಗೆ ನೀರು ಸುರಿದು, ಕಡ್ಡಿಯ ಬ್ರಶ್ಶಿನಿಂದ ಉಜ್ಜಿ, ಚೆಲ್ಲಿ, ಮತ್ತೆ ಕಾಯಿಸಿ, ಮುಂದಿನವರ ಬೆಳ್ಳುಳ್ಳಿ. ಮೊದಲ ತಿಂಗಳು ನನಗೆ ಇದು ವೃಥಾ ಶ್ರಮ ಅನ್ನಿಸುತ್ತಿತ್ತು. ನಾನೇ ಮನೆಯಲ್ಲಿ ಹುರಿಯಲು ಶುರುಮಾಡಿದ ಮೇಲೆ ಆಕೆಯ ಲೆಕ್ಕ ಅರ್ಥವಾಯಿತು.

ನಮ್ಮ ಕೈಗೆ ಅಭ್ಯಾಸವಿರುವುದು ಕಲಸುವುದು. ಚಿತ್ರಾನ್ನ, ಪುಳಿಯೋಗರೆ, ವಾಂಗೀಭಾತ್, ಮೊಸರನ್ನ ಎಲ್ಲದರಲ್ಲೂ ರುಚಿಯನ್ನು ಬೇರೆಯಾಗಿ ತಯಾರಿಸಿ ಅನ್ನದೊಳಗೆ ಕಲಸುತ್ತೇವೆ. ಒಗ್ಗರಣೆಗೆ ಬೆಂಕಿ ತಾಕಿದರೆ ಸಾಕು, ಅನ್ನಕ್ಕೆ ತಾಕಬೇಕಾಗಿಲ್ಲ. ಹತ್ತು ಜನರ ಚಿತ್ರಾನ್ನವನ್ನು ಒಂದೇ ಪಾತ್ರೆಯಲ್ಲಿ ಕಲಸಬಹುದು, ಏನೂ ಕೆಡುವುದಿಲ್ಲ. ಥಾಯ್ ಜನ 'ಖಾವ್ ಫತ್' ಅನ್ನುವುದು ಬೇರೆ ಜಾತಿಯ ಅಡುಗೆ. ('ಫಲ' ಅನ್ನುವಾಗ ಬರುವ ಫ ಅದು.) ಖಾವ್ ಅಂದರೆ ಅನ್ನ, ಫತ್ ಅಂದರೆ ಬಾಣಲೆಯಲ್ಲಿ ಸರಸರನೆ ಹುರಿಯುವುದು. ಚೀನಾದಿಂದ ವಲಸೆ ಬಂದವರ ಜೊತೆ ಬಾಣಲೆಯೂ ಈ ವಿದ್ಯೆಯೂ ಅಲ್ಲಿಗೆ ಬಂದವು, ಮೀನಿನ ಸಾರ ಸೇರಿ ಅದು ಥಾಯ್ ಆಯಿತು. ಅದರಲ್ಲಿ ಒಂದೊಂದು ಅಗುಳೂ ಕಾದ ಕಬ್ಬಿಣವನ್ನು ಮುಟ್ಟಬೇಕು. ಎಂಟು ಜನರ ಅನ್ನವನ್ನು ಒಮ್ಮೆಗೇ ಸುರಿದರೆ ಬಾಣಲೆಯ ಕಾವು ಅಷ್ಟೂ ಇಳಿದುಹೋಗುತ್ತದೆ. ಅನ್ನದ ತೇವ ಆರಿಹೋಗುವ ಬದಲು ಹಬೆಯಾಗಿ ಅಲ್ಲೇ ಸುತ್ತುತ್ತದೆ, ತರಕಾರಿಯೂ ನೀರು ಬಿಡುತ್ತದೆ. ಆಗ ಅನ್ನ ಹುರಿಯುವುದಿಲ್ಲ, ಎರಡನೇ ಸಲ ಬೇಯುತ್ತದೆ. ನಿನ್ನ ಬಾಣಲೆಯಲ್ಲಿ ಆದದ್ದು ಇದೇ. ನೀನು ತಂದ ಸಾಮಾನಿನಲ್ಲಿ ಕೊರತೆ ಏನೂ ಇರಲಿಲ್ಲ ಮಗಳೇ.

ಅಂಗಡಿಯವರ ಒಲೆ ಭೋರೆಂದು ಉರಿಯುತ್ತದೆ. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಗೆ ಅದರ ಒಂದಂಶ ಶಕ್ತಿಯೂ ಇಲ್ಲ. ಅಷ್ಟು ಬೆಂಕಿಯಿದ್ದ ಆಕೆಯೇ ಒಂದು ತಟ್ಟೆಗೆ ನಿಲ್ಲಿಸುತ್ತಿದ್ದಳು ಅಂದಮೇಲೆ ನಾವು ಅದನ್ನು ಮೀರಬಾರದು. ಇನ್ನೊಂದು ವಿಷಯ, ನಾನ್‌ಸ್ಟಿಕ್ ಬೇಡ. ಅದರ ಲೇಪನ ಇಷ್ಟು ಕಾವಿಗೆ ಮಾಡಿದ್ದಲ್ಲ. ಖಾಲಿ ಬಾಣಲೆ ಅತಿಯಾಗಿ ಕಾದರೆ ಲೇಪನ ಹಾಳಾಗಿ ಕೆಟ್ಟ ಹೊಗೆ ಬರುತ್ತದೆ. ನಿಮ್ಮಮ್ಮನ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಇದೆ, ಅದನ್ನು ಕೇಳಿ ತೆಗೆದುಕೊ. ತುಕ್ಕು ಹಿಡಿದಿದ್ದರೆ ಹೆದರಬೇಡ. ಚೆನ್ನಾಗಿ ಉಜ್ಜಿ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸು. ನಾಲ್ಕೈದು ಸಲ ಹೀಗೆ ಮಾಡಿದರೆ ಅದು ಕಪ್ಪಗೆ ಮಿರುಗುತ್ತದೆ, ಮೊಟ್ಟೆಯೂ ಅಂಟುವುದಿಲ್ಲ. ಆಮೇಲೆ ಅದಕ್ಕೆ ಸೋಪು ಹಚ್ಚಿ ತಿಕ್ಕಬೇಡ, ಬಿಸಿನೀರು ಸಾಕು.

ಈಗ ಅನ್ನದ ವಿಷಯ. ಥಾಯ್ ಮನೆಗಳಲ್ಲಿ ಇದಕ್ಕೆ ಬಳಸುವುದು 'ಹೋಮ್ ಮಲಿ' ಅಕ್ಕಿ. ಹೋಮ್ ಅಂದರೆ ಪರಿಮಳ, ಮಲಿ ಅಂದರೆ ಮಲ್ಲಿಗೆ. ಅದರಲ್ಲಿ ಹೆಸರುವಾಸಿಯಾದ ತಳಿ 'ಖಾವ್ ದಾಕ್ ಮಲಿ 105', 1959ರಲ್ಲಿ ಅಲ್ಲಿನ ಸರ್ಕಾರ ರೈತರಿಗೆ ಬಿಡುಗಡೆ ಮಾಡಿದ್ದು. ಈಶಾನ್ಯ ಥಾಯ್ಲೆಂಡಿನ ಥುಂಗ್ ಕುಲಾ ರೊಂಗ್‌ಹಾಯ್ ಬಯಲಿನಲ್ಲಿ ಬೆಳೆದದ್ದಕ್ಕೆ ಹೆಚ್ಚು ಬೆಲೆ. ಅದರ ಘಮಕ್ಕೆ ಕಾರಣವಾದ ರಾಸಾಯನಿಕವೇ ಬಾಸುಮತಿಯಲ್ಲೂ ಇದೆ, ಕೇದಗೆಯ ಬಳಗದ ಪಂದನ್ ಎಲೆಯಲ್ಲೂ ಇದೆ. ನಿಮ್ಮ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಜಾಸ್ಮಿನ್ ರೈಸ್ ಅಂತ ಕೇಳಿದರೆ ಸಿಗುತ್ತದೆ. ಸಿಗದಿದ್ದರೆ ಒಂದು ವರ್ಷ ಹಳೆಯದಾದ ಸೋನಾಮಸೂರಿ ಸಾಕು. ಮಲೆನಾಡಿನ ಕಡೆಯಿಂದ ಯಾರಾದರೂ ಗಂಧಸಾಲೆ ತಂದುಕೊಟ್ಟರೆ ಇನ್ನೂ ಒಳ್ಳೆಯದು, ನಾನು ಅದರಲ್ಲಿ ಮಾಡಿದ್ದೇನೆ. ಬಾಸುಮತಿ ಮಾತ್ರ ನನಗೆ ಒಗ್ಗಲಿಲ್ಲ. ಅದು ಕಡ್ಡಿಕಡ್ಡಿಯಾಗಿ ಬಿಡಿಸಿಕೊಂಡು ನಿಲ್ಲುತ್ತದೆ, ಖಾವ್ ಫತ್‌ನ ಅಗುಳು ಉದುರಾಗಿದ್ದರೂ ಕಚ್ಚಿದಾಗ ಮೆದುವಾಗಿ ಒಂದಿಷ್ಟು ಜಿಗುಟಿರಬೇಕು.

ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು ಪೂರ್ತಿ ಬಸಿ. ಜಾಸ್ಮಿನ್ ಆದರೆ ಕರೆಂಟಿನ ರೈಸ್ ಕುಕ್ಕರಿನಲ್ಲಿ ಒಂದು ಲೋಟಕ್ಕೆ ಒಂದೇ ಲೋಟ ನೀರು, ಮೇಲೆ ಒಂದೆರಡು ಚಮಚ. ಸೋನಾಮಸೂರಿಯಾದರೆ ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಕುದಿಸಿ, ಅಗುಳಿನ ನಡುವೆ ಚೂರು ಗಟ್ಟಿ ಇರುವಾಗಲೇ ಗಂಜಿ ಬಸಿದುಬಿಡು. ಸೀಟಿ ಹೊಡೆಯುವ ಕುಕ್ಕರು ಇದಕ್ಕೆ ಬೇಡವೇ ಬೇಡ. ಬಸಿದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡು. ಅರ್ಧ ಗಂಟೆಯಲ್ಲಿ ಮೇಲಿನ ಪಸೆ ಆರುತ್ತದೆ. ಇಷ್ಟಾದರೆ ಅವತ್ತೇ ಹುರಿಯಬಹುದು. ಹಿಂದಿನ ದಿನದ ಅನ್ನವೇ ಆಗಬೇಕು ಅನ್ನುವುದು ಶಾಸ್ತ್ರವೇನಲ್ಲ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಅಗುಳಿನ ಪಿಷ್ಟ ಬಿಗಿಯಾಗಿ ಉದುರುವುದು ಸುಲಭವಾಗುತ್ತದೆ, ಅಷ್ಟೇ.

ಫ್ರಿಜ್ಜಿನಲ್ಲಿಡುವುದಾದರೆ ಒಂದು ಎಚ್ಚರಿಕೆ, ಇದನ್ನು ಮರೆಯಬೇಡ. ಮಧ್ಯಾಹ್ನ ಮಾಡಿದ ಅನ್ನವನ್ನು ರಾತ್ರಿವರೆಗೆ ಅಡುಗೆಕಟ್ಟೆಯ ಮೇಲೆ ಬಿಟ್ಟು ಆಮೇಲೆ ಒಳಗಿಡುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ರೋಗಾಣುವಿನ ಬೀಜಕಗಳು ಇರಬಹುದು. ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಸಮಯ ಸಿಕ್ಕರೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ, ಹುರಿದರೂ ಹೋಗುವುದಿಲ್ಲ. ವಾಂತಿ ಶುರುವಾದಾಗ ಜನ ಮೊಟ್ಟೆಯನ್ನೋ ಸೀಗಡಿಯನ್ನೋ ಬೈಯುತ್ತಾರೆ, ತಪ್ಪು ಅನ್ನದ್ದಾಗಿರುತ್ತದೆ. ಆದ್ದರಿಂದ ಹರಡಿ ಆರಿಸು, ಮಾಡಿದ ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗಿಡು, ಮಾರನೆಯ ದಿನವೇ ಖರ್ಚು ಮಾಡು.

ಇನ್ನು ರುಚಿಗೆ ಬರೋಣ. ಅಲ್ಲಿ ಅಂಗಡಿಗೆ ಹೋದವರು ಒಂದೇ ಒಂದು ಹೆಸರು ಹೇಳುತ್ತಾರೆ. ಖಾವ್ ಫತ್ ಕುಂಗ್ ಅಂದರೆ ಸೀಗಡಿಯದು, ಕಾಯ್ ಅಂದರೆ ಕೋಳಿಯದು, ಪೂ ಅಂದರೆ ಏಡಿಯದು. ಒಂದು ತಟ್ಟೆಗೆ ಒಂದೇ ಮುಖ್ಯ ಸಾಮಾನು. ಅದರ ಜೊತೆಗೆ ಮೊಟ್ಟೆ, ಬೆಳ್ಳುಳ್ಳಿ, ಒಂದಿಷ್ಟು ಈರುಳ್ಳಿ, ಟೊಮೆಟೊ, ಖನಾ ಅನ್ನುವ ದಂಟಿನ ಸೊಪ್ಪು. ನಿನ್ನ ಐದು ತರಕಾರಿಗಳಲ್ಲಿ ನಾಲ್ಕನ್ನು ಬಿಟ್ಟುಬಿಡು. ಖನಾ ಸಿಗದಿದ್ದರೆ ಬ್ರಾಕೊಲಿಯ ಎಳೆ ದಂಟನ್ನು ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿಕೊ. ಶೆಜ್ವಾನ್ ಸಾಸು, ವಿನೆಗರು, ಗರಂ ಮಸಾಲೆ ಯಾವುದೂ ಬೇಡ. ಅನ್ನದ ಘಮ ಮೇಲೇಳಬೇಕಾದರೆ ಅದನ್ನು ತುಳಿಯುವವರು ಕಡಿಮೆ ಇರಬೇಕು.

ಉಪ್ಪಿನ ಕೆಲಸ ಮಾಡುವುದು ನಾಮ್ ಪ್ಲಾ. ನಾಮ್ ಅಂದರೆ ನೀರು, ಪ್ಲಾ ಅಂದರೆ ಮೀನು. ಬೆರಳುದ್ದದ ಸಣ್ಣ ಮೀನನ್ನು ಉಪ್ಪಿನ ಜೊತೆ ತೊಟ್ಟಿಗಳಲ್ಲಿ ತುಂಬಿ, ವರ್ಷ ಒಂದೂವರೆ ವರ್ಷ ಹುದುಗಲು ಬಿಟ್ಟು ಇಳಿಸಿದ ಜೇನುಬಣ್ಣದ ಸಾರ ಅದು. ನೀನು ಬಾಟಲಿ ಮುಚ್ಚಳ ತೆಗೆದು ಮೂಸಿ, ಹೆದರಿ, ನಾಲ್ಕೇ ಹನಿ ಹಾಕಿದ್ದೀಯ ಅಂತ ನಿನ್ನ ಮಾತಿನಲ್ಲೇ ಗೊತ್ತಾಯಿತು. ಬಾಟಲಿಯ ವಾಸನೆಯನ್ನು ನೋಡಿ ಅದನ್ನು ಅಳೆಯಬೇಡ. ಇಂಗನ್ನು ಹಾಗೇ ಮೂಸಿದವರು ಸಾರಿಗೆ ಹಾಕುವ ಧೈರ್ಯ ಮಾಡುತ್ತಾರೆಯೇ? ನಾಮ್ ಪ್ಲಾವನ್ನು ಅನ್ನದ ಮೇಲೆ ಸುರಿಯಬೇಡ, ಬಾಣಲೆಯ ಕಾದ ಅಂಚಿನ ಸುತ್ತ ಬಿಡು. ಚೊರ್ ಅಂದು ಅಲ್ಲೇ ಅರ್ಧ ಹಾರಿ, ನಾತವಿದ್ದದ್ದು ಸುಟ್ಟ ಸಿಹಿಯ ಪರಿಮಳವಾಗುತ್ತದೆ. ಕೊಳ್ಳುವಾಗ ಚೀಟಿ ಓದು. ಮೀನು, ಉಪ್ಪು, ಹೆಚ್ಚೆಂದರೆ ಸಕ್ಕರೆ, ಇಷ್ಟೇ ಇರುವುದನ್ನು ತೆಗೆದುಕೊ.

ಒಂದು ತಟ್ಟೆಯ ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊ. ಅನ್ನ ಒಂದೂವರೆ ಕಪ್ಪು, ಕೈ ಒದ್ದೆ ಮಾಡಿಕೊಂಡು ಗಂಟೆಲ್ಲ ಬಿಡಿಸಿದ್ದು. ಎಣ್ಣೆ ಎರಡು ದೊಡ್ಡ ಚಮಚ, ಸೂರ್ಯಕಾಂತಿಯೋ ಶೇಂಗಾವೋ ಆಗಬಹುದು. ಜಜ್ಜಿ ಹೆಚ್ಚಿದ ಬೆಳ್ಳುಳ್ಳಿ ನಾಲ್ಕು ಎಸಳು. ಮೊಟ್ಟೆ ಒಂದು. ಸೀಗಡಿ ಆರೇಳು, ಇಲ್ಲವೇ ತೆಳ್ಳಗೆ ಹೆಚ್ಚಿದ ಕೋಳಿ ಒಂದು ಹಿಡಿ. ನಾಮ್ ಪ್ಲಾ ಎರಡು ಸಣ್ಣ ಚಮಚ, ತಿಳಿ ಸೋಯಾ ಸಾಸು ಒಂದು ಸಣ್ಣ ಚಮಚ, ಸಕ್ಕರೆ ಅರ್ಧ ಸಣ್ಣ ಚಮಚ. ಈರುಳ್ಳಿ ಕಾಲು ಭಾಗ, ಟೊಮೆಟೊ ಅರ್ಧ, ಎರಡನ್ನೂ ದಪ್ಪ ಹೋಳು ಮಾಡು. ಬಿಳಿ ಕಾಳುಮೆಣಸಿನ ಪುಡಿ ಒಂದು ಚಿಟಿಕೆ. ಅದೇನು ಪರದೇಶದ ಸಾಮಾನಲ್ಲ, ನಮ್ಮ ಮಲೆನಾಡಿನ ಬಳ್ಳಿಯ ಹಣ್ಣಾದ ಕಾಳನ್ನು ನೆನೆಸಿ ಸಿಪ್ಪೆ ತೆಗೆದರೆ ಅದೇ.

ಬಾಣಲೆ ಹೊಗೆಯಾಡಲಿ, ಆಮೇಲೆ ಎಣ್ಣೆ. ಬೆಳ್ಳುಳ್ಳಿ ಹಾಕಿ ಹತ್ತು ಎಣಿಸು, ಕೆಂಪಗಾಗಲು ಬಿಡಬೇಡ, ಕಹಿಯಾದರೆ ಇಡೀ ತಟ್ಟೆ ಹೋಯಿತು. ಸೀಗಡಿ ಅಥವಾ ಕೋಳಿ ಹಾಕಿ ಮುಕ್ಕಾಲು ಬೇಯಿಸಿ ಬದಿಗೆ ಸರಿಸು. ಆ ಜಾಗದಲ್ಲಿ ಮೊಟ್ಟೆ ಒಡೆದು ಒಂದೆರಡು ಸಲ ಮಾತ್ರ ಕದಡು. ಅದು ಅರ್ಧ ಗಟ್ಟಿಯಾದಾಗ ಅನ್ನ ಸುರಿ. ಇಲ್ಲಿ ಎಲ್ಲರೂ ಅವಸರದಿಂದ ತಿರುವಲು ಹೋಗುತ್ತಾರೆ. ನೀನು ಸೌಟಿನ ಬೆನ್ನಿನಿಂದ ಅನ್ನವನ್ನು ಬಾಣಲೆಗೆ ಹರಡಿ ಮೆಲ್ಲಗೆ ಒತ್ತಿ, ಹತ್ತು ಹದಿನೈದು ಸೆಕೆಂಡು ಕೈ ಎತ್ತಿಬಿಡು. ಚಟಪಟ ಅನ್ನುವ ಸಣ್ಣ ಸದ್ದು ಕೇಳಬೇಕು. ಕೇಳಿದ ಮೇಲೆ ಅಡಿಯಿಂದ ಎತ್ತಿ ಮಗುಚು, ಮತ್ತೆ ಹರಡು, ಮತ್ತೆ ಕೈ ಎತ್ತು. ಮೂರು ಸಲ ಹೀಗೆ ಆದಮೇಲೆ ಅಂಚಿನ ಸುತ್ತ ನಾಮ್ ಪ್ಲಾ, ಸೋಯಾ, ಮೇಲಿಂದ ಸಕ್ಕರೆ. ಈರುಳ್ಳಿ, ಟೊಮೆಟೊ, ದಂಟು ಕೊನೆಗೆ, ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಈರುಳ್ಳಿ ಕಚ್ಚಿದರೆ ಕರಕ್ ಅನ್ನಬೇಕು. ಈರುಳ್ಳಿ ಸೊಪ್ಪು, ಕಾಳುಮೆಣಸು ಉದುರಿಸಿ ಇಳಿಸು. ಶುರುವಿನಿಂದ ಕೊನೆಯವರೆಗೆ ನಾಲ್ಕು ನಿಮಿಷ. ಹೆಚ್ಚುವುದು, ಅಳೆಯುವುದು ಎಲ್ಲಾ ಒಲೆ ಹಚ್ಚುವ ಮೊದಲೇ ಮುಗಿದಿರಲಿ.

ಇಷ್ಟಾದರೂ ರುಚಿ ಪೂರ್ತಿಯಾಗಿರುವುದಿಲ್ಲ. ಉಳಿದದ್ದು ಉಣ್ಣುವವರ ಕೈಯಲ್ಲಿದೆ, ಥಾಯ್ ಊಟದಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ತಟ್ಟೆಯ ಬದಿಗೆ ಸೌತೆಕಾಯಿ ಬಿಲ್ಲೆ, ಹಸಿ ಈರುಳ್ಳಿ ಸೊಪ್ಪಿನ ಒಂದೆರಡು ಕಡ್ಡಿ, ನಿಂಬೆ ಹೋಳು. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಫ್ರಿಕ್ ನಾಮ್ ಪ್ಲಾ. ಐದಾರು ಸೂಜಿಮೆಣಸನ್ನು ಸಣ್ಣಗೆ ಹೆಚ್ಚಿ, ಮೂರು ಚಮಚ ನಾಮ್ ಪ್ಲಾ, ಒಂದು ಚಮಚ ನಿಂಬೆರಸ, ಬೇಕಾದರೆ ಎರಡು ಎಸಳು ಬೆಳ್ಳುಳ್ಳಿ ಬಿಲ್ಲೆ. ಖಾರ ಎಷ್ಟು, ಹುಳಿ ಎಷ್ಟು ಅಂತ ಅವರವರೇ ತೀರ್ಮಾನಿಸುತ್ತಾರೆ. ಆದ್ದರಿಂದ ಬಾಣಲೆಯಲ್ಲಿ ಖಾರ ಹಾಕಬೇಡ, ಮಕ್ಕಳೂ ಅದೇ ತಟ್ಟೆ ಉಣ್ಣಬಹುದು. ನಿನ್ನ ಫೋಟೋದ ಮೂಲೆಯಲ್ಲಿ ಚಾಪ್‌ಸ್ಟಿಕ್ ಕಂಡೆ. ಅಲ್ಲಿಯವರು ಅದನ್ನು ಹಿಡಿಯುವುದು ನೂಡಲ್ಸಿಗೆ. ಅನ್ನಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕು ಬಾಯಿಗೆ ಹೋಗುವುದಿಲ್ಲ, ಅನ್ನವನ್ನು ಚಮಚಕ್ಕೆ ದೂಡಿಕೊಡುತ್ತದೆ.

ನಿನ್ನ ಸ್ನೇಹಿತರಲ್ಲಿ ಇಬ್ಬರು ಮೀನು ಮಾಂಸ ತಿನ್ನುವುದಿಲ್ಲ ಅಂದಿದ್ದೆ. ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಬ್ಯಾಂಕಾಕಿನಲ್ಲಿ ಮೊದಲ ವರ್ಷ ಗೆಳತಿಯೊಬ್ಬಳ ಅತ್ತೆ ಊರಿನಿಂದ ಬಂದಿದ್ದರು, ಮೊಟ್ಟೆ ಸಹ ಮುಟ್ಟದವರು. ಅವರಿಗೆಂದು ಬರೀ ತರಕಾರಿಯದು ಮಾಡಿದೆ. ಅರ್ಧ ಉಂಡಮೇಲೆ ನನಗೆ ನೆನಪಾಯಿತು, ನಾನು ಸೇರಿಸಿದ ಆಯಿಸ್ಟರ್ ಸಾಸು ಚಿಪ್ಪುಜೀವಿಯ ಸಾರ. ಮುಚ್ಚಿಡಲು ಮನಸ್ಸಾಗಲಿಲ್ಲ, ಹೇಳಿದೆ. ಅವರು ಒಂದು ಮಾತೂ ಆಡದೆ ಎದ್ದು ಕೈತೊಳೆದರು. ಆ ಮೌನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಹೇಳುತ್ತೇನೆ, ಯಾರು ಏನು ತಿನ್ನುವುದಿಲ್ಲ, ಯಾರಿಗೆ ಸೀಗಡಿ ಆಗಿಬರುವುದಿಲ್ಲ ಅಂತ ಮೊದಲೇ ಕೇಳಿಕೊ. ಬಾಟಲಿಗಳ ಚೀಟಿಯನ್ನು ಇನ್ನೊಮ್ಮೆ ಓದು.

ಸಸ್ಯಾಹಾರಿಗಳಿಗೆ ಕೊಡಲು ಅಲ್ಲಿ ಕೊರತೆಯೇನಿಲ್ಲ. ವರ್ಷಕ್ಕೊಮ್ಮೆ, ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಒಂಬತ್ತು ದಿನ 'ಜೇ' ವ್ರತ ಹಿಡಿಯುತ್ತಾರೆ. ಫುಕೆಟ್ಟಿನಲ್ಲಿ ಅದು ದೊಡ್ಡ ಹಬ್ಬ. ಬೀದಿಯ ಗಾಡಿಗಳ ಮೇಲೆಲ್ಲ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಊಟದಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ವರ್ಜ್ಯ. ನಮ್ಮ ಮಡಿ ಅಡುಗೆಯವರು ಕೂಡ ಒಪ್ಪುವಂಥದ್ದು. ನೀನು ನಾಮ್ ಪ್ಲಾ ಬದಲು ತಿಳಿ ಸೋಯಾ ಸಾಸನ್ನೇ ಒಂದು ಚಮಚ ಹೆಚ್ಚು ಮಾಡಿ, ಚಿಟಿಕೆ ಉಪ್ಪು ಸೇರಿಸು. ಅಣಬೆಯನ್ನು ಮೊದಲು ಬೇರೆಯಾಗಿ ಹುರಿದು ನೀರು ಆರಿಸಿಕೊ, ಮೀನಿನ ಸಾರ ಕೊಡುತ್ತಿದ್ದ ಆಳವನ್ನು ಬಹುಮಟ್ಟಿಗೆ ಅದು ಕೊಡುತ್ತದೆ. ತೋಫು ಹಾಕುವುದಾದರೆ ಗಟ್ಟಿಯದು, ಕೆಂಪಗೆ ಹುರಿದದ್ದು. ಈ ಎರಡು ತಟ್ಟೆಗಳನ್ನು ಎಲ್ಲಕ್ಕಿಂತ ಮೊದಲು, ತೊಳೆದ ಬಾಣಲೆಯಲ್ಲಿ ಮಾಡು.

ಎಲೆಯ ಬಗ್ಗೆ ಕೇಳಿದ್ದೆ. ಸಾದಾ ಖಾವ್ ಫತ್‌ಗೆ ಬೇಸಿಲ್ ಬೇಕಿಲ್ಲ. 'ಕಫ್ರಾವ್' ಹಾಕಿದ್ದು ಬೇರೆಯೇ ತಿಂಡಿ, ಅದಕ್ಕೆ ಹಸಿಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕುತ್ತಾರೆ. ಕಫ್ರಾವ್ ನಮ್ಮ ತುಳಸಿಯ ಜಾತಿಯದೇ ಗಿಡ, ಅಲ್ಲಿ ಅಡುಗೆಗೆಂದೇ ಬೆಳೆಯುತ್ತಾರೆ. ಕಟ್ಟೆಯ ತುಳಸಿಯನ್ನು ಕಿತ್ತು ಮಾಂಸದ ಬಾಣಲೆಗೆ ಹಾಕಲು ನನ್ನ ಕೈ ಬಂದಿಲ್ಲ, ನಿನಗೂ ಹೇಳುವುದಿಲ್ಲ. ಎಲೆಯ ಘಮ ಬೇಕೇಬೇಕು ಅನ್ನಿಸಿದರೆ ಕಾಮಕಸ್ತೂರಿ ಹಾಕು. ಅಲ್ಲಿನ 'ಹೋರಫಾ' ಅದರ ಒಡಹುಟ್ಟು. ಅನಾನಸ್ ಅನ್ನವನ್ನು ಇನ್ನೊಂದು ದಿನ ಹೇಳಿಕೊಡುತ್ತೇನೆ, ಅದಕ್ಕೆ ಅರಿಶಿನ ಬೆರೆತ ಕರಿ ಪುಡಿಯೂ ಗೋಡಂಬಿಯೂ ಬೇಕು.

ಈಗ ನಿನ್ನ ನಿಜವಾದ ಪ್ರಶ್ನೆ, ಎಂಟು ಜನರಿಗೆ ಹೇಗೆ? ಒಂದು ಕಪ್ಪು ಅಕ್ಕಿಗೆ ಹೆಚ್ಚುಕಡಿಮೆ ಮೂರು ಕಪ್ಪು ಅನ್ನ, ಅಂದರೆ ಎರಡು ತಟ್ಟೆ. ನಿನ್ನದೂ ಸೇರಿ ಒಂಬತ್ತು ತಟ್ಟೆಗೆ ನಾಲ್ಕೂವರೆ ಕಪ್ಪು ಅಕ್ಕಿ. ಹಿಂದಿನ ಸಂಜೆ ಅನ್ನ ಮಾಡಿ ಆರಿಸಿಡು. ಬೆಳಿಗ್ಗೆ ಒಂಬತ್ತು ಬಟ್ಟಲು ಸಾಲಾಗಿ ಜೋಡಿಸಿ ಪ್ರತಿಯೊಂದರಲ್ಲೂ ಒಂದೊಂದು ತಟ್ಟೆಯ ಅನ್ನ ಅಳೆದಿಡು, ಸಾಸುಗಳನ್ನು ಒಂದೊಂದು ತಟ್ಟೆಯ ಲೆಕ್ಕದಲ್ಲಿ ಸಣ್ಣ ಲೋಟಗಳಲ್ಲಿ ಬೆರೆಸಿಡು. ಸೀಗಡಿ, ಕೋಳಿ, ಮೊಟ್ಟೆ ಮಾತ್ರ ಆ ಹೊತ್ತಿನವರೆಗೆ ಫ್ರಿಜ್ಜಿನಲ್ಲೇ ಇರಲಿ. ಅನ್ನದ ಬಟ್ಟಲುಗಳೂ ಮುಚ್ಚಿ ಒಳಗೇ ಇರಲಿ. ಎರಡು ಒಲೆಯಲ್ಲಿ ಎರಡು ಬಾಣಲೆ ಇಟ್ಟುಕೊಂಡು, ಒಂದಕ್ಕೆ ನಿನ್ನ ಗಂಡನನ್ನು ನಿಲ್ಲಿಸು, ಅವನಿಗೂ ಕಲಿತ ಹಾಗಾಗುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲರ ತಟ್ಟೆ ತುಂಬುತ್ತದೆ. ಎಲ್ಲರೂ ಒಟ್ಟಿಗೇ ಉಣ್ಣಬೇಕು ಅಂತ ಮೊದಲ ತಟ್ಟೆಯನ್ನು ಆರಲು ಬಿಡಬೇಡ. ಬಂದವರನ್ನು ಅಡುಗೆಮನೆಯ ಬಾಗಿಲಿಗೇ ಕರೆ, ಬಿಸಿಬಿಸಿ ತಟ್ಟೆ ಕೈಗೆ ಕೊಡು, ಉಣ್ಣುತ್ತಾ ನಿಂತು ಮಾತಾಡಲಿ. ಬ್ಯಾಂಕಾಕಿನಲ್ಲಿ ನಾನು ಕಂಡ ಒಳ್ಳೆಯ ಊಟಗಳೆಲ್ಲ ಹೀಗೇ ಆದವು.

ಕೊನೆಯ ತಟ್ಟೆ ನಿನ್ನದು. ಆ ಅಂಗಡಿಯಲ್ಲಿ ಹಸಿದು ಬಂದವರು ನಾಲ್ಕು ಕಾಸು ಹೆಚ್ಚು ಕೊಟ್ಟು 'ಫಿಸೇತ್' ಅನ್ನುತ್ತಿದ್ದರು. ನಮ್ಮ 'ವಿಶೇಷ'ವೇ ಅದು, ಸ್ವಲ್ಪ ಜಾಸ್ತಿ ಹಾಕು ಅಂತ ಅರ್ಥ. ಎಲ್ಲರಿಗೂ ಬಡಿಸಿ ಸುಸ್ತಾದೆ ಅಂತ ಬಾಣಲೆಯ ತಳ ಕೆರೆದು ಉಣ್ಣಬೇಡ. ಮತ್ತೆ ತೊಳೆದು, ಮತ್ತೆ ಕಾಯಿಸಿ, ನಿನಗೂ ಹೊಸದಾಗಿ ಬೆಳ್ಳುಳ್ಳಿ ಹಾಕಿಕೊ. ಮೇಲೆ ಅಂಚು ಗರಿಗರಿಯಾಗಿ ಕರಿದ ಇನ್ನೊಂದು ಮೊಟ್ಟೆ ಇರಲಿ. ಅದಕ್ಕೆ ಅವರು 'ಖಾಯ್ ದಾವ್' ಅನ್ನುತ್ತಾರೆ, ನಕ್ಷತ್ರದ ಮೊಟ್ಟೆ.